ನಾಲ್ವರಿಗೊಂದು ಟ್ಯಾಬ್, ಒಂದೇ ಕೈ

ಕೋವಿಡ್ ಮುಗಿದು ಶಾಲೆಗಳು ತೆರೆದ ಮರುವರ್ಷ ನಾನು ಚಳ್ಳಕೆರೆಯಲ್ಲಿ ಸಂಶೋಧಕನಾಗಿದ್ದೆ. ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್ ಕೊಟ್ಟರೆ ಅವರು ಕೂಡಿ ಗಣಿತ ಕಲಿಯುತ್ತಾರೆಯೇ ಎಂದು ನೋಡುವುದು ಕೆಲಸ. ಇದಕ್ಕೆ ಕೊಲಾಬರೇಟಿವ್ ಲರ್ನಿಂಗ್ ಎನ್ನುತ್ತಾರೆ. ಉತ್ತರ ಒತ್ತುವ ಮೊದಲು ಮಗು ಟ್ಯಾಬ್‌ನ ಪರದೆಯ ಮೇಲಿರುವ ತನ್ನ ಫೋಟೊ ಒತ್ತಬೇಕು. ಯಾರು ಎಷ್ಟು ಸಲ ಒತ್ತಿದರೆಂಬುದು ಟ್ಯಾಬ್‌ನಲ್ಲಿ ದಾಖಲಾಗುತ್ತಿತ್ತು. ಮಕ್ಕಳ ಮಾತುಕತೆಯೂ ರೆಕಾರ್ಡ್ ಆಗುತ್ತಿತ್ತು. ಅದನ್ನೆಲ್ಲ ಕೇಳುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ತಾಳ್ಮೆ ಇರಲಿಲ್ಲ.

ಮೊಳಕಾಲ್ಮೂರಿನ ಒಂದು ಏಳನೇ ತರಗತಿಯಲ್ಲಿ ನೇಕಾರರ ಮನೆಯ ನಾಗವೇಣಿ ಒಮ್ಮೆಯೂ ಒತ್ತಿರಲಿಲ್ಲ. 'ಭಾಗವಹಿಸುತ್ತಿಲ್ಲ, ಕಲಿಕೆಯಲ್ಲಿ ಹಿಂದೆ' ಎಂದು ಬರೆದು ಪಟ್ಟಿಯನ್ನು ಶಾಲೆಗೆ ಕೊಟ್ಟೆ. ಶಾಲೆಯವರು ಅದನ್ನು ಮನೆಗೆ ಮುಟ್ಟಿಸಿದರು. ಬೇಸಿಗೆ ರಜೆ ಮುಗಿಸಿ ಹೋದರೆ ಹುಡುಗಿ ಎಂಟನೇ ತರಗತಿಗೆ ಸೇರಿಯೇ ಇರಲಿಲ್ಲ.

ಅವತ್ತೇ ಕೂತು ರೆಕಾರ್ಡಿಂಗ್ ಕೇಳಿದೆ. "ಮೊದ್ಲು ಛೇದ ಒಂದೇ ಮಾಡ್ಕೋ, ಆಮೇಲೆ ಕೂಡ್ಸು" ಎನ್ನುತ್ತಿದ್ದ ದನಿ ನಾಗವೇಣಿಯದು. ಗುಂಪಿನ ಮೂವರಿಗೂ ಹೇಳಿಕೊಟ್ಟವಳು ಅವಳೇ.

ಅವಳ ಮನೆಗೆ ಓಡಿದೆ. ಅವಳು ಮಗ್ಗದಲ್ಲಿ ಕೂತಿದ್ದಳು. ಯಾಕಮ್ಮ ಒತ್ತಲಿಲ್ಲ ಎಂದೆ.

"ಒಂದು ಸೀರೆಗೆ ಒಂದೇ ಕೈ ಸಾರ್. ಕೈ ಬದಲಾದ್ರೆ ನೂಲು ಬಡಿಯೋ ಬಡಿತ ಬದಲಾಗಿ ಬಟ್ಟೇಲಿ ಗೀಟು ಬೀಳ್ತೈತೆ. ಅಂಗೇ ಇದೂ ಅಂದ್ಕೊಂಡು ಒಬ್ರು ಕೈಲೇ ಒತ್ತಿಸಿದ್ವಿ."

ಅವಳ ತಾಯಿ ರತ್ನಮ್ಮನಿಗೆ ರೆಕಾರ್ಡಿಂಗ್ ಕೇಳಿಸಿದೆ. ಮಗಳ ದನಿ ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಓದು ತಲೆಗೆ ಹತ್ತಲ್ಲ ಅಂತ ಬರ್ದೋರು ನೀವೇ ಅಲ್ಲೇನ್ರಿ? ಈಗ ಮಗ್ಗಕ್ಕೆ ಹೊಸ ಹಾಸು ಏರ್ಸೀವಿ, ಕೆಲವು ಸೀರೆಗಾಗೋವಷ್ಟು ಉದ್ದನೂಲು. ಆಕೆ ಕೈಲಿ ಶುರುವಾದದ್ದು ಆಕೆ ಕೈಲೇ ಮುಗೀಬೇಕು. ಮುಗಿದ್ಮೇಲೆ ಕಳಿಸ್ತೀನಿ."

ಶಾಲೆಗೆ ಹೋಗಿ, ಅವಳ ಸೀಟು ಉಳಿಸಿ ಎಂದು ಕೈಮುಗಿದು ಬೇಡಿಕೊಂಡೆ. ಮುಖ್ಯ ಶಿಕ್ಷಕರ ಕಾಲು ಹಿಡಿಯುವುದೊಂದು ಬಾಕಿ. ಅವರು ಸೀಟು ಇಟ್ಟುಕೊಂಡು ಕಾದರು. ವಾರಕ್ಕೊಮ್ಮೆ ಚಳ್ಳಕೆರೆಯಿಂದ ಬಸ್ಸು ಹತ್ತಿ ಹೋಗಿ, ಹಾಸು ಎಷ್ಟು ಉಳಿದಿದೆ ಎಂದು ನೋಡಿ ಬರುತ್ತಿದ್ದೆ. ಮುಗಿಯಿತೆಂದು ಆಸೆಯಿಂದ ಹೋದ ವಾರ ಮಗ್ಗಕ್ಕೆ ಇನ್ನೊಂದು ಹಾಸು ಏರಿತ್ತು.

"ಮಗ್ಗಕ್ಕೆ ಆಕೆ ಕೈ ಕೂತೈತೆ ಸಾರ್," ಎಂದರು ರತ್ನಮ್ಮ, ನನ್ನ ಮುಖ ನೋಡದೆ. ನಾಗವೇಣಿ ಲಾಳಿ ನಿಲ್ಲಿಸಲಿಲ್ಲ.

ಲೆಕ್ಕಕ್ಕೆ ಸಿಗದ್ದು ನಡೆದೇ ಇಲ್ಲ ಎಂದುಕೊಳ್ಳಬಾರದು, ಬರೆಯುವ ಮೊದಲು ಕೇಳಬೇಕು. ಇಷ್ಟನ್ನು ಈ ಕೆಲಸ ನನಗೆ ಕಲಿಸಿತು, ಅವಳ ಖರ್ಚಿನಲ್ಲಿ. ವರದಿ ತಿದ್ದಿದೆ. 'ಒತ್ತಿದವರು' ಎಂಬುದರ ಪಕ್ಕ 'ಹೇಳಿಕೊಟ್ಟವರು' ಎಂಬ ಕಾಲಂ ಸೇರಿಸಿದೆ. ಅದರಲ್ಲಿ ಮೊದಲ ಹೆಸರು ನಾಗವೇಣಿಯದು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರಿಲ್ಲ.