ಅಪ್ಪನ ಎದುರಿನ ಜಾಗ

೧೯೮೪ರ ಜೂನ್ ೧೧, ಸೋಮವಾರ, ಬೆಳಿಗ್ಗೆ ಆರೂ ಇಪ್ಪತ್ತು. ಒಳಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಎರಡು ದಿನದ ಹಿಂದೆ ಅಪ್ಪ ನನ್ನ ತಮ್ಮ ಈರಣ್ಣನನ್ನು ಅಲ್ಲಿ ಕೂಡಿಹಾಕಿ ಚಿಲಕ ಹಾಕಿದ್ದರು. "ಕುಡ್ಯಾಕ ಸೆರೆ ಸಿಗಲಿಲ್ಲಂದ್ರ ತಾನ ಬಿಡತಾನ" ಎಂಬುದು ಅವರ ನಂಬಿಕೆ. ಕಲ್ಲಿನ ಖಣಿಯ ಕೆಲಸಕ್ಕೆ ಹೋದ ವರ್ಷವೇ ಅವನು ಕುಡಿತ ಕಲಿತಿದ್ದ. ಹತ್ತೊಂಬತ್ತರ ಹುಡುಗನಿಗೆ ಬೆಳಗಿನ ಚಹಾಕ್ಕೂ ಮೊದಲು ಅದು ಬೇಕಾಗುತ್ತಿತ್ತು. ಚಿಲಕ ತೆಗೆದಾಗ ಕೈಕಾಲು ಸೆಟೆದಿದ್ದವು. ಬಾಯಲ್ಲಿ ನೊರೆ.

ಫಿಟ್ಸ್.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಅಪ್ಪನನ್ನೇ ಬೈದರು. "ಒಮ್ಮಿಗಲೇ ಬಿಡಿಸಿದ್ರ ಜೀವಕ್ಕ ಬರತೈತ್ರಿ. ಕೀಲಿ ಹಾಕಿ ಬಿಡಸೂ ರೋಗ ಅಲ್ಲಿದು. ಔಷಧ ನಾವು ಕೊಡ್ತೇವಿ, ಆಮ್ಯಾಲಿನ ಕೆಲಸ ನಿಮ್ಮಿಬ್ಬರದು. ಚೆಕಪ್‌ಗೆ ತಾಯಿ-ತಂದಿ ಇಬ್ರೂ ಬರ್ರಿ. ಕಾವಲು ಕಾಯಬ್ಯಾಡ್ರಿ. ಜೋಡಿ ಕುಂಡ್ರಿಸಿಕೊಂಡು ಕೆಲಸಕ್ಕ ಹಚ್ರಿ."

ಹೀಗೆ ಅವನು ನನ್ನ ಜಾಗಕ್ಕೆ ಬಂದ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಸೀರೆಯ ಒಡಲಿನ ಹಾಸಿಗೂ, ಅಂದರೆ ಉದ್ದೆಳೆಗಳಿಗೂ, ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಅಪ್ಪನ ಎದುರು ಕುಳಿತು ಎಳೆ ಕೊಡುವ ಕೆಲಸ ಆರು ವರ್ಷದಿಂದ ನನ್ನದು. ಅಪ್ಪ ನನ್ನೊಡನೆ ಮಾತನಾಡುತ್ತಿದ್ದುದೇ ಆ ಹೊತ್ತಿನಲ್ಲಿ. ಈಗ ಈರಣ್ಣನ ಊಟ, ನಿದ್ದೆ, ಕೈನಡುಕ ಬರೆದಿಡುವುದು ನನ್ನ ಪಾಲಿಗೆ ಬಂತು. ದಿನಚರಿ ಬರೆಯುವ ರೂಢಿ ನನಗೆ ಮೊದಲಿನಿಂದ ಇತ್ತು.

ಜೂನ್ ೩೦: ಎರಡು ರೊಟ್ಟಿ, ನಾಲ್ಕು ತಾಸು ನಿದ್ದೆ, ನಡುಕ ಇದೆ. ಹದಿನೇಳು ಎಳೆ ಹರಿದ. ಅಪ್ಪ, "ಹರದ್ರ ಹರೀಲಿ ತಗೋ, ಮತ್ತ ಕಟ್ಟೂಣು" ಎಂದರು. ನನ್ನ ಕೈಯಲ್ಲಿ ಒಂದೇ ಎಳೆ ಹರಿದಾಗ "ಕಣ್ಣೆಲ್ಲಿಟ್ಟೀ?" ಎಂದಿದ್ದ ಅಪ್ಪ ಇವರೇನಾ?

ಅವ್ವ ದಿನಾ ಸಂಜೆ ಅವನ ಬಾಯಿ ಮೂಸಿ ನೋಡಿ, ಆಮೇಲೆ ತಾಟಿಗೆ ಕೆನೆಮೊಸರು ಹಾಕುವಳು.

"ನನಗ?" ಎಂದೆ ಒಮ್ಮೆ.

"ನೀ ಗಟ್ಟಿ ಇದ್ದೀಯವಾ."

ಗಟ್ಟಿ ಇದ್ದುದಕ್ಕೆ ಸಿಕ್ಕ ಬಹುಮಾನ ಅದು. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಹುನಗುಂದದವರೆಗೂ ಬಾರದ ಅಪ್ಪ, ವಾರ ವಾರ ಮಗ್ಗ ನಿಲ್ಲಿಸಿ ಬಾಗಲಕೋಟೆಯ ಬಸ್ಸು ಹತ್ತಿದರು.

ಆಗಸ್ಟಿನಲ್ಲಿ ಈರಣ್ಣ ಮತ್ತೆ ಕುಡಿದು ಬಂದ. ಅಪ್ಪ ಒಮ್ಮೆ ಚಿಲಕದ ಕಡೆ ನೋಡಿದರು. ಹಾಕಲಿಲ್ಲ. ಮರುದಿನ ಅವ್ವನೂ ಸೇರಿ ಮೂವರೂ ಬಸ್ಸು ಹತ್ತಿದರು.

ತಿರುಗಿ ಬಂದವರ ಮುಂದೆ ನನಗೆ ತಡೆಯಲಾಗಲಿಲ್ಲ. "ನಾನೂ ಕುಡದು ಬಿದ್ದಿದ್ರ ನನ್ನ ಕಡೆನೂ ನೋಡ್ತಿದ್ರೇನೋ!"

ಈರಣ್ಣ ನಕ್ಕ. "ಏ ಅಕ್ಕಾ, ಅದಲಾಬದಲಿ ಮಾಡೂಣೇನು? ನೀ ಅಂಗಡಿಗೆ ಹೋಗಿ ಬಂದ್ರ ಯಾರೂ ಬಾಯಿ ಮೂಸೂದಿಲ್ಲ. ನನಗ ಹೊಟ್ಟಿಕಿಚ್ಚು ಅದಕ್ಕ."

ಮರುದಿನ ಅಪ್ಪ ಸೆರಗಿನ ರೇಷ್ಮೆ ತರಲು ಈರಣ್ಣನೊಬ್ಬನನ್ನೇ ಕಳಿಸಿದರು. ಸರಾಯಿ ಅಂಗಡಿ ದಾಟಿಯೇ ಹೋಗಬೇಕು.

"ಬಾರವಾ, ಎಳಿ ಕೊಡು" ಎಂದು ನನ್ನನ್ನು ಕರೆದರು.

ಎದುರು ಕುಳಿತೆ. ಬೇಕೆಂದಿದ್ದ ಜಾಗ ಸಿಕ್ಕಿತ್ತು. ಆದರೆ ಇಬ್ಬರ ಕಣ್ಣೂ ಬಾಗಿಲ ಮೇಲೆ. ಅಪ್ಪನ ಕೈಯಲ್ಲೇ ಎರಡು ಎಳೆ ಹರಿದವು.

ಅವನು ಬಂದ. ರೇಷ್ಮೆ ಕೊಟ್ಟ. ಅವ್ವ ಎದ್ದಳು, ಮತ್ತೆ ಕುಳಿತಳು. ಯಾರೂ ಬಾಯಿ ಮೂಸಲಿಲ್ಲ.

ಈಗ ಅಕ್ಟೋಬರ್. ಬಿಟ್ಟಿದ್ದಾನೆ ಎಂದು ಬರೆಯುವ ಧೈರ್ಯವಿಲ್ಲ. ಇವತ್ತು ಕುಡಿದಿಲ್ಲ ಎಂದು ಬರೆಯುತ್ತೇನೆ. ಕೊಂಡಿ ಹಾಕುವುದು ಸರದಿಯ ಮೇಲೆ ನಡೆದಿದೆ. ಅವನ ಸರದಿಯ ದಿನ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇಂಥ ಮನೆಯಲ್ಲಿ ರೋಗ ಬಾರದ ಮಕ್ಕಳಿಗೆ ತಾಯಿ-ತಂದೆ ಏನು ಮಾಡಬೇಕೆಂದು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ತಿಳಿದವರು ಯಾರಾದರೂ ಇದ್ದರೆ ನನಗೊಂದು ಸಾಲು ಬರೆಯಿರಿ.