ಹೆಸರು ಕೊರೆಸಿದ ಲೋಟಗಳು

ನಮ್ಮೂರು ಬಾಗೂರಿನ ಅಂಗನವಾಡಿ ಟೀಚರ್ ತೆಂಗಿನಹಾಲಿಗೆ ಬೆಲ್ಲ ಬೆರೆಸಿ ಕಾಯಿಸಿ, ತಮ್ಮ ಹೆಸರು ಕೊರೆಸಿದ ಸ್ಟೀಲ್ ಲೋಟಗಳಲ್ಲೇ ಕುಲ್ಫಿ ಮಾಡುತ್ತಿದ್ದರು. ಯಾರಾದರೂ ಆತುರಪಡಿಸಿದರೆ, “ನಂಗೇನ್ ಅರ್ಜೆಂಟಿಲ್ಲ ಕಣವ್ವಾ” ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವರು.

ಅವರ ಕೇರಿಯವರು ನಮ್ಮ ಮನೆಯಲ್ಲಿ ಟೀ ಕುಡಿದರೆ ಲೋಟ ತಾವೇ ತೊಳೆದಿಟ್ಟು ಹೋಗಬೇಕಿತ್ತು. ಬೇಸಿಗೆಯಲ್ಲಿ ಅಕ್ಕನ ಮಗುವಿನ ನಾಮಕರಣಕ್ಕೆ ಟೀಚರ್ ಕುಲ್ಫಿ ತಂದಾಗ, ಚಿಕ್ಕಮ್ಮ ಪೇಪರ್ ಕಪ್ಪು ಹಿಡಿದು ಬಂದರು.

“ಇದಕ್ಕೆ ಆಕ್ಬುಡಿ ಟೀಚರ್.”

“ನನ್ ಲೋಟದಲ್ಲೇ ತಿನ್ನಿ. ಇಲ್ದಿದ್ರೆ ಕರಗ್ಲಿ. ನಂಗೇನ್ ಅರ್ಜೆಂಟಿಲ್ಲ.”

ಧಗೆಗೆ ಕುಲ್ಫಿ ಅಂಚಿನಲ್ಲಿ ಕರಗತೊಡಗಿತು. ಅಜ್ಜಿಯೇ ಮೊದಲು ಕೈ ಚಾಚಿದರು. ಆಮೇಲೆ ಯಾರೂ ಹಿಂದೆಮುಂದೆ ನೋಡಲಿಲ್ಲ. ನಾನಂತೂ ಎರಡು ಲೋಟ ತಿಂದೆ.

ಖಾಲಿ ಲೋಟಗಳನ್ನು ಚಿಕ್ಕಮ್ಮ ಹಾಗೇ ಅವರ ಬುಟ್ಟಿಗೆ ತುಂಬಲು ಹೋದರು. ಟೀಚರ್ ಬುಟ್ಟಿ ಹಿಂದಕ್ಕೆಳೆದು, ನಲ್ಲಿಯತ್ತ ಕೈ ತೋರಿಸಿದರು.

“ತೊಳ್ದು ಕೊಡ್ರವ್ವಾ. ನಂಗೇನ್ ಅರ್ಜೆಂಟಿಲ್ಲ.”