ಟಿಣ್ ಎಂದರೂ ಬೆಳಗದ ಪರದೆ

ಅಚ್ಚುಮನೆ ಮುಚ್ಚಿದಾಗ ಯಜಮಾನರು ಮನೆಗೆ ತಂದದ್ದು ಹಳೆಯ ಮ್ಯಾಕಿಂಟೋಷ್ ಕಂಪ್ಯೂಟರೊಂದನ್ನೇ. ಅವರು ತಾವೇ ರೂಪಿಸಿದ್ದ ಅಕ್ಷರಗಳ ಫಾಂಟ್ ತೆರೆಯುತ್ತಿದ್ದುದು ಅದರಲ್ಲಿ ಮಾತ್ರ. ಮೊಮ್ಮಗಳ ಮದುವೆಯ ಕರೆಯೋಲೆಯನ್ನು ಆ ಅಕ್ಷರಗಳಲ್ಲೇ ಜೋಡಿಸಲು ಕುಳಿತ ದಿನವೇ ಪರದೆ ಕಪ್ಪಾಗಿ ಉಳಿಯಿತು. ಕಂಪ್ಯೂಟರ್ ರಿಪೇರಿ ಅಂಗಡಿಯವನು ಸ್ವಿಚ್ಚನ್ನೂ ಹಾಕಿ ನೋಡದೆ, "ಗುಜರಿಗೆ ಹಾಕಿ" ಎಂದ. ಪರೀಕ್ಷಿಸದೆ ತೀರ್ಪು ಕೊಡುವುದು ಯಾವ ಸೀಮೆಯ ನ್ಯಾಯ?

ಯಜಮಾನರು ತಿರುಪು ಬಿಚ್ಚಲು ಹೊರಟಾಗ, ಹಿಂದೆ ಟೀವಿ ರಿಪೇರಿ ಮಾಡುತ್ತಿದ್ದ ಭಾವಮೈದುನ ಅವರ ಕೈ ಹಿಡಿದ.

"ಬಿಚ್ಚಬೇಡಿ ಭಾವ. ಆಫ್ ಮಾಡಿದ್ರೂ ಪಿಕ್ಚರ್ ಟ್ಯೂಬು ಶಾಕ್ ಹೊಡೆಯುತ್ತೆ. ಆನ್ ಮಾಡಿದಾಗ ಸದ್ದು ಬಂತಾ?"

"ಯಾವಾಗಿನ ಹಾಗೇ ಟಿಣ್ ಅಂತು."

"ಹಾಗಾದ್ರೆ ಜೀವ ಇದೆ. ಸತ್ತವರು ಎಲ್ಲಾದ್ರೂ ಓಗೊಡ್ತಾರಾ? ಅಕ್ಕಾ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ ನಿನ್ನೆ ಉಜ್ಜಿ ಉಜ್ಜಿ ಒರೆಸಿದೆ. ನಿನ್ನ ಭಾವಂಗೆ ಧೂಳು ಎಲ್ಲಿ ಕಾಣುತ್ತೆ? ಮುಂದಿನ ಅಂಚಿನ ಕೆಳಗೂ ಬಿಟ್ಟಿಲ್ಲ!"

ಭಾವಮೈದುನ ನಗುತ್ತ, ಅಂಚಿನಡಿಯಲ್ಲಿ ಅಡಗಿದ್ದ, ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಚಕ್ರವನ್ನು ತಿರುಗಿಸಿದ. ಕಪ್ಪು ಮೆಲ್ಲಗೆ ತಿಳಿಯಾಯಿತು. ಡಿಸ್ಕ್ ಎಲ್ಲಿ ಎಂದು ಕೇಳುವಂತೆ, ಪ್ರಶ್ನೆಚಿಹ್ನೆ ಹೊತ್ತ ಫ್ಲಾಪಿಯ ಚಿತ್ರವೊಂದು ಮಿನುಗಿತು. ಯಜಮಾನರು ತಮ್ಮ ಫ್ಲಾಪಿಯನ್ನು ತೂರಿಸಿದೊಡನೆ ಪರದೆಯ ಮೇಲೊಂದು ನಗುಮುಖ ಮೂಡಿತು.

ಅವರು ಕೂಡಲೇ ಕರೆಯೋಲೆಯಲ್ಲಿ ಆಹ್ವಾನಿಸುವವರ ಸಾಲಿಗೆ ಮೊಟ್ಟಮೊದಲು ಭಾವಮೈದುನನ ಹೆಸರನ್ನು ಜೋಡಿಸಿದರು.

"ಮತ್ತೆ ನನ್ನ ಹೆಸರು?" ಎಂದರು ಹೆಂಡತಿ.

"ಅವನ ಪಕ್ಕದಲ್ಲೇ ಹಾಕ್ತೀನಿ ಕಣೇ. ಆ ಚಕ್ರವನ್ನ ಮೊದಲು ತಿರುಗಿಸಿದವಳು ನೀನೇ ತಾನೇ?"